ಚರ್ಚಿನ ಪಕ್ಕದ ಬಾಗಿಲು: ವ್ಯಸನದಿಂದ ಹೊರಬರುವವರ ಮೀಟಿಂಗ್ ಶುರುವಾದ ಒಂದು ಪ್ರಕರಣ

ಭಾನುವಾರ ಸುಮಾರು ಇನ್ನೂರು ಜನ ಸೇರುವ ಒಂದು ಚರ್ಚು. ಅಲ್ಲಿ ಕುಡಿತದಿಂದ ಹೊರಬರಲು ಒದ್ದಾಡುವವರಿಗಾಗಿ ವಾರಕ್ಕೊಂದು ಮೀಟಿಂಗ್ ಶುರುವಾಯಿತು. ಅದು ಹೇಗೆ ಶುರುವಾಯಿತು, ಎಲ್ಲಿ ಎಡವಿತು, ಆಮೇಲೆ ಹೇಗೆ ನಿಂತಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚರ್ಚಿನ ಹೆಸರು, ಊರು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಇಂಥ ಮೀಟಿಂಗಿಗೆ ಜನ ಬರುತ್ತಾರೆ. ನಾನು ಆ ಚರ್ಚಿನ ಸಮಿತಿಯಲ್ಲಿದ್ದೆ. ನಡಾವಳಿ ಬರೆಯುವ ಕೆಲಸ ನನ್ನದಾಗಿತ್ತು. ಯಾವ ತೀರ್ಮಾನ ಯಾಕೆ ಆಯಿತು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಎಲ್ಲದರ ಹಿಂದೆ ಒಂದು ಸಾವಿತ್ತು. ಸಭೆಯ ಸದಸ್ಯರೊಬ್ಬರು ಕುಡಿತದಿಂದ ಲಿವರ್ ಹಾಳಾಗಿ ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರು ಕುಡಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಅದರ ಬಗ್ಗೆ ಅವರ ಜೊತೆ ಕೂತು ಮಾತಾಡಿದವರು ಯಾರೂ ಇರಲಿಲ್ಲ. ಆರಾಧನೆಯಲ್ಲಿ ವಾಸನೆ ಬಂದರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು, ಅಷ್ಟೇ. ಸಮಾಧಿ ಮಾಡಿ ಕೆಲವು ವಾರ ಕಳೆದ ಮೇಲೆ ಅವರ ಹೆಂಡತಿ ಸಮಿತಿಯ ಮುಂದೆ ಬಂದರು. “ನೀವೆಲ್ಲ ಅವರಿಗೋಸ್ಕರ ಪ್ರಾರ್ಥನೆ ಮಾಡಿದ್ರಿ, ನಂಗೊತ್ತು. ಆದ್ರೆ ‘ನನ್ನ ಕೈಲಿ ಬಿಡೋಕಾಗ್ತಿಲ್ಲ’ ಅಂತ ಬಾಯಿಬಿಟ್ಟು ಹೇಳೋಕೆ ಅವರಿಗೆ ಇಲ್ಲಿ ಒಂದು ಜಾಗ ಇತ್ತಾ?” ಅಂತ ಕೇಳಿದರು.

ಯಾರು ನಡೆಸಬೇಕು?

ಏನಾದರೂ ಮಾಡಲೇಬೇಕು ಅನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಪಾಸ್ಟರ್ ಮನಸ್ಸಿನಲ್ಲಿ ಇದ್ದದ್ದು ಒಂದು ಪ್ರಾರ್ಥನಾ ಕೂಟ. ವಾರಕ್ಕೊಮ್ಮೆ ಸತ್ಯವೇದ ಓದುವುದು, ಹಾಡುವುದು, ಕುಡಿಯುವವರ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು. ಖಜಾಂಚಿಗೆ ಭಯ. ಕುಡಿದವರು ಚರ್ಚಿನ ಆವರಣಕ್ಕೆ ಬಂದರೆ, ಮಕ್ಕಳಿರುವಾಗ ಗಲಾಟೆಯಾದರೆ ಏನು ಗತಿ ಅಂತ. ಸುಳ್ಳು ಭಯವೇನಲ್ಲ ಅದು.

ಆಗ ಸಮಿತಿಯ ಹಿರಿಯರೊಬ್ಬರು ಬಾಯಿಬಿಟ್ಟರು. ವರ್ಷಗಟ್ಟಲೆ ಕಾಣಿಕೆ ಎಣಿಸುವ ಜವಾಬ್ದಾರಿ ಅವರದೇ ಆಗಿತ್ತು. “ಅಯ್ಯಾ, ನಾನು ಕುಡಿತ ಬಿಟ್ಟು ಹದಿನಾಲ್ಕು ವರ್ಷ ಆಯ್ತು. ಇವತ್ತಿಗೂ ಪ್ರತಿ ವಾರ ಬೇರೆ ಕಡೆ ಎಎ, ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೆ ಹೋಗ್ತೀನಿ. ಇಲ್ಲಿ ಒಬ್ಬರಿಗೂ ಹೇಳಿಲ್ಲ. ಹೇಳಿದ್ದಿದ್ರೆ ಕಾಣಿಕೆ ಪೆಟ್ಟಿಗೆ ಮುಟ್ಟೋಕೆ ಬಿಡ್ತಿದ್ರಾ?” ಅಂದರು. ಪಾಸ್ಟರ್ ಕೂಡಲೇ ಉತ್ತರ ಕೊಡಲಿಲ್ಲ. ಬಿಡುತ್ತಿರಲಿಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹಿರಿಯರ ವಾದ ಸರಳವಾಗಿತ್ತು. ಚರ್ಚು ಕೋಣೆ ಕೊಡಲಿ, ಮೀಟಿಂಗನ್ನು ಚೇತರಿಸಿಕೊಳ್ಳುತ್ತಿರುವವರೇ ನಡೆಸಲಿ. ಕುಡಿದು ಕೈಕಾಲು ನಡುಗಿದವನ ಮಾತನ್ನು ಹೊಸಬ ಕೇಳುತ್ತಾನೆ, ಯಾವತ್ತೂ ಕುಡಿಯದವನ ಉಪದೇಶ ಅವನಿಗೆ ಮನೆಯಲ್ಲೇ ಬೇಕಾದಷ್ಟು ಸಿಕ್ಕಿರುತ್ತದೆ ಅಂದರು.

ನಮ್ಮ ಮುಂದಿದ್ದ ದಾರಿಗಳು ಹಲವು. ಒಂದು, ಕುಡಿತ ಬಿಟ್ಟವರು, ಬಿಡಲು ಬಯಸುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಎಎ ಗುಂಪಿಗೆ ಜಾಗ ಕೊಡುವುದು. ಇನ್ನೊಂದು, ಚರ್ಚೇ ನಡೆಸುವ ಕಾರ್ಯಕ್ರಮ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ ಜಾನ್ ಬೇಕರ್ 1991ರಲ್ಲಿ ಶುರುಮಾಡಿದ ಸೆಲೆಬ್ರೇಟ್ ರಿಕವರಿ ಈ ಬಗೆಯದು. ಯೇಸುವಿನ ಪರ್ವತ ಪ್ರಸಂಗದ ಧನ್ಯವಾಕ್ಯಗಳ ಮೇಲೆ ಕಟ್ಟಿದ ಎಂಟು ತತ್ವಗಳು ಅದರಲ್ಲಿವೆ. ಬೇಕರ್ ಕೂಡ ಕುಡಿತದಿಂದ ಹೊರಬಂದವರೇ. ದೇವರ ಮಾತೇ ಬೇಡ ಅನ್ನುವವರಿಗೆ 1994ರಿಂದ ಸ್ಮಾರ್ಟ್ ರಿಕವರಿ ಇದೆ. ಅದು ಮನಶ್ಶಾಸ್ತ್ರದ ವಿಧಾನಗಳನ್ನು ನೆಚ್ಚಿಕೊಂಡದ್ದು.

ಚರ್ಚು ನಡೆಸುವ ಕಾರ್ಯಕ್ರಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದನ್ನು ನಡೆಸಲು ತರಬೇತಾದ, ತಾವೇ ಆ ದಾರಿ ನಡೆದ ಹಲವರು ಬೇಕು. ನಮ್ಮಲ್ಲಿ ಹಾಗೆ ಕೈಯೆತ್ತಿದವರು ಒಬ್ಬರೇ. ಜೊತೆಗೆ, ನಮ್ಮ ಸಭೆಗೆ ಸೇರದವರು, ಬೇರೆ ಧರ್ಮದವರು, ನಂಬಿಕೆಯೇ ಇಲ್ಲದವರು ಕೂಡ ಬರುವಂತಿರಬೇಕು ಅನ್ನುವ ಆಸೆ ಇತ್ತು. ಹಾಗಾಗಿ ಎಎ ಅಂತ ತೀರ್ಮಾನವಾಯಿತು.

ಪಾಸ್ಟರ್ ಒಪ್ಪಲು ಸಮಯ ಬೇಕಾಯಿತು. ಅವರ ಪ್ರಶ್ನೆ ಪ್ರಾಮಾಣಿಕವಾದದ್ದು. ಎಎಯವರು ಚೇತರಿಕೆಗಾಗಿ ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ‘ನಾವು ಅರ್ಥಮಾಡಿಕೊಂಡಂತೆ ದೇವರು’ ಅಂತ ಬರುತ್ತದಲ್ಲ, ಅದು ನಮ್ಮ ದೇವರಾ? ಹಿರಿಯರು ವಾದಕ್ಕೆ ಇಳಿಯಲಿಲ್ಲ, ಎಎ ಹುಟ್ಟಿದ ಬಗೆ ಹೇಳಿದರು. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಅನ್ನುವವರು ಕುಡಿತ ಬಿಟ್ಟು ಐದು ತಿಂಗಳಾಗಿರಬೇಕು. ಕೆಲಸದ ಮೇಲೆ ಒಹಾಯೊ ರಾಜ್ಯದ ಆಕ್ರನ್‌ಗೆ ಬಂದವರು ಹೋಟೆಲಿನಲ್ಲಿ ಒಬ್ಬರೇ ಇದ್ದರು. ಒಂದು ಕಡೆ ಬಾರು ಕರೆಯುತ್ತಿತ್ತು, ಇನ್ನೊಂದು ಕಡೆ ಗೋಡೆಯ ಮೇಲೆ ಊರಿನ ಚರ್ಚುಗಳ ಪಟ್ಟಿ ಇತ್ತು. ಅವರು ಪಟ್ಟಿಯಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿದರು. ತನ್ನ ಹಾಗೆಯೇ ಕುಡಿತದಲ್ಲಿ ಮುಳುಗಿದ ಒಬ್ಬರ ಜೊತೆ ಮಾತಾಡಬೇಕು, ಇಲ್ಲದಿದ್ದರೆ ನಾನು ಉಳಿಯುವುದಿಲ್ಲ ಅನ್ನುವುದು ಅವರ ತುರ್ತು. ಆ ಫೋನಿನ ಎಳೆ ಹಿಡಿದು ಹೋದಾಗ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಬಾಬ್ ಕೊನೆಯ ಸಲ ಕುಡಿದ ದಿನ ಅಂತ ಎಎ ನೆನೆಯುವ 1935ರ ಜೂನ್ 10 ಅನ್ನೇ ಅದರ ಹುಟ್ಟಿದ ದಿನವಾಗಿ ಎಣಿಸುತ್ತಾರೆ. ಆ ಮೊದಲ ದಿನಗಳಲ್ಲಿ ಅವರು ಓದುತ್ತಿದ್ದದ್ದು ಪರ್ವತ ಪ್ರಸಂಗ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯ, ಯಾಕೋಬನ ಪತ್ರಿಕೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅನ್ನುವ ಯಾಕೋಬನ ಮಾತಿಗೂ, ತಪ್ಪುಗಳನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವ ಐದನೇ ಹೆಜ್ಜೆಗೂ ಎಷ್ಟು ಹತ್ತಿರ ಅಂತ ಪಾಸ್ಟರಿಗೆ ಹೇಳಿಕೊಡಬೇಕಾಗಲಿಲ್ಲ. “ಹಾಗಾದ್ರೆ ಆ ಪಾದ್ರಿ ಮಾಡಿದ್ದು ಫೋನ್ ಎತ್ತಿದ್ದು, ಒಂದಷ್ಟು ಹೆಸರು ಕೊಟ್ಟಿದ್ದು, ಅಷ್ಟೇನಾ?” ಅಂತ ಕೇಳಿದರು. “ಅಷ್ಟೇ ಅಯ್ಯಾ. ಅಷ್ಟು ಸಾಕಾಯ್ತು,” ಅಂದರು ಹಿರಿಯರು.

ಬಾಡಿಗೆ, ಬಾಗಿಲು, ಬೀಗದ ಕೈ

ಕೋಣೆಯನ್ನು ಉಚಿತವಾಗಿ ಕೊಡಬೇಕು ಅಂತ ಸಮಿತಿಗೆ ಮನಸ್ಸಿತ್ತು. ಹಿರಿಯರು ಬೇಡವೇ ಬೇಡ ಅಂದರು. ಗುಂಪುಗಳು ಹೇಗೆ ನಡೆಯಬೇಕು ಅಂತ ಹೇಳುವ ಎಎಯ ಹನ್ನೆರಡು ಸಂಪ್ರದಾಯಗಳು 1946ರಲ್ಲಿ ಮೊದಲು ಅಚ್ಚಾದವು, 1950ರಲ್ಲಿ ಕ್ಲೀವ್‌ಲ್ಯಾಂಡಿನ ಸಮಾವೇಶದಲ್ಲಿ ಎಲ್ಲರೂ ಒಪ್ಪಿಕೊಂಡರು. ಏಳನೆಯದು ಹೇಳುವುದು, ಪ್ರತಿ ಗುಂಪೂ ತನ್ನ ಖರ್ಚನ್ನು ತಾನೇ ನೋಡಿಕೊಳ್ಳಬೇಕು, ಹೊರಗಿನ ಹಣ ತೆಗೆದುಕೊಳ್ಳಬಾರದು ಅಂತ. ಆರನೆಯದು, ಹೊರಗಿನ ಯಾವ ಸಂಸ್ಥೆಗೂ ತನ್ನ ಹೆಸರು ಕೊಡಬಾರದು ಅಂತ. ಮೀಟಿಂಗಿನಲ್ಲಿ ಡಬ್ಬಿ ಒಂದು ಸುತ್ತು ಬರುತ್ತದೆ, ಇದ್ದವರು ಇದ್ದಷ್ಟು ಹಾಕುತ್ತಾರೆ, ಬಾಡಿಗೆ ಅದರಿಂದಲೇ. ಮೊತ್ತ ತೀರಾ ಚಿಕ್ಕದು. ಆದರೂ ಅದು ಮುಖ್ಯ. ಬಾಡಿಗೆ ಕೊಟ್ಟು ಬರುವವನಿಗೆ ತಾನು ಚರ್ಚಿನ ದಯೆಯಲ್ಲಿದ್ದೇನೆ ಅನಿಸುವುದಿಲ್ಲ. ಚರ್ಚಿಗೂ ಇದು ನಮ್ಮ ಕಾರ್ಯಕ್ರಮ ಅನ್ನುವ ಭ್ರಮೆ ಹುಟ್ಟುವುದಿಲ್ಲ.

ಕೋಣೆಯ ಆಯ್ಕೆಗೆ ನಾವು ಜಾಸ್ತಿ ಹೊತ್ತು ಕೊಟ್ಟೆವು, ಕೊಟ್ಟದ್ದು ಒಳ್ಳೆಯದೇ ಆಯಿತು. ದೊಡ್ಡ ಹಾಲ್ ಚೆನ್ನಾಗಿತ್ತು, ಆದರೆ ಮುಂಬಾಗಿಲಿಂದಲೇ ಹೋಗಬೇಕು. ಪಕ್ಕದ ಚಿಕ್ಕ ಕೋಣೆಗೆ ಬೇರೆ ಬಾಗಿಲಿತ್ತು. ಅದೇ ಇರಲಿ ಅಂತಾಯಿತು. ಆ ಬಾಗಿಲ ಕಡೆ ಮುಖ ಮಾಡಿದ್ದ ಸಿಸಿ ಕ್ಯಾಮೆರಾವನ್ನು ಬೇರೆ ದಿಕ್ಕಿಗೆ ತಿರುಗಿಸಿದೆವು. ಸಂಡೇ ಸ್ಕೂಲ್, ಯುವಕರ ಕೂಟ, ಗಾಯನ ಅಭ್ಯಾಸ ಯಾವುದೂ ಇಲ್ಲದ ಸಂಜೆ ನೋಡಿದೆವು. ಖಜಾಂಚಿಯ ಭಯಕ್ಕೂ ಅದೇ ಉತ್ತರವಾಯಿತು. ಬೀಗದ ಕೈ ಗುಂಪಿನ ಇಬ್ಬರ ಬಳಿ ಇರಬೇಕು, ಚರ್ಚಿನ ಕಾವಲುಗಾರ ರಜೆ ಹಾಕಿದರೂ ಬಾಗಿಲು ತೆರೆಯಬೇಕು ಅಂತ ಬರೆದುಕೊಂಡೆವು. ಕುಡಿತ ಬಿಡಬೇಕು ಅಂತ ಹೇಗೋ ಧೈರ್ಯ ಮಾಡಿ ಬಂದವನಿಗೆ ಬೀಗ ಹಾಕಿದ ಬಾಗಿಲು ಸಿಕ್ಕರೆ, ಅವನು ಮತ್ತೆ ಬರುತ್ತಾನೆ ಅಂತ ಯಾರೂ ಹೇಳಲಾರರು.

ಮೀಟಿಂಗ್ ಶುರುವಾಗುವ ಮೊದಲೇ ಆದದ್ದು

ಇದನ್ನು ಪ್ರತಿ ಚರ್ಚಿನವರೂ ಓದಬೇಕು ಅಂತ ನನ್ನ ಆಸೆ. ಮೀಟಿಂಗಿನ ವಿಷಯ ತಿಳಿಸುವ ಭಾನುವಾರ ಪಾಸ್ಟರ್ ತುಂಬ ಮನಮುಟ್ಟುವಂತೆ ಮಾತಾಡಿದರು. ಇವತ್ತೇ, ಈ ಕ್ಷಣವೇ ಬಿಟ್ಟುಬಿಡಿ ಅಂದರು. ಎಷ್ಟೋ ವರ್ಷದಿಂದ ದಿನವೂ ಬೆಳಗ್ಗೆಯಿಂದಲೇ ಕುಡಿಯುತ್ತಿದ್ದ ಒಬ್ಬರು ಅದನ್ನು ಮನಸ್ಸಿಗೆ ತೆಗೆದುಕೊಂಡು ಆ ರಾತ್ರಿಯೇ ನಿಲ್ಲಿಸಿದರು. ಮೂರನೇ ದಿನ ಮೈಯೆಲ್ಲ ನಡುಗಿ, ಬೆವರಿ, ಗೋಡೆಯ ಮೇಲೆ ಹುಳು ಹರಿಯುತ್ತಿವೆ ಅಂತ ಕೂಗಾಡಿದರು. ಇಲ್ಲದವರ ಜೊತೆ ಮಾತಾಡಿದರು. ಮನೆಯವರು ದುರಾತ್ಮ ಹಿಡಿದಿದೆ ಅಂದುಕೊಂಡು ಪ್ರಾರ್ಥನೆಗೆ ಚರ್ಚಿಗೆ ಕರೆತಂದರು. ಹಿರಿಯರು ನೋಡಿದ ತಕ್ಷಣ, “ಮೊದ್ಲು ಆಸ್ಪತ್ರೆ, ಪ್ರಾರ್ಥನೆ ದಾರಿಯಲ್ಲಿ ಮಾಡೋಣ” ಅಂತ ಗಾಡಿ ಹತ್ತಿಸಿದರು. ಜೀವ ಉಳಿಯಿತು.

ಅದು ಡೆಲಿರಿಯಂ ಟ್ರೆಮೆನ್ಸ್. ವರ್ಷಗಟ್ಟಲೆ ಜಾಸ್ತಿ ಕುಡಿದ ದೇಹ ಮದ್ಯಕ್ಕೆ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಮಿದುಳು ಹದ್ದುಮೀರಿ ಕೆರಳುತ್ತದೆ. ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಈ ಸನ್ನಿ ಸ್ಥಿತಿ ಬರಬಹುದು. ಚಿಕಿತ್ಸೆ ಇಲ್ಲದಿದ್ದರೆ ಸಾಯಲೂಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ದಿನವೂ ಕುಡಿಯುವವರು, ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಡಲು ಹೋಗಿ ಫಿಟ್ಸ್ ಬಂದವರು ಡಾಕ್ಟರ ನೆರವಿಲ್ಲದೆ ನಿಲ್ಲಿಸಬಾರದು. ಡಾಕ್ಟರು ಮಾತ್ರೆ ಕೊಟ್ಟು, ವಿಟಮಿನ್ ಬಿ1 ಕೊಟ್ಟು ಕೆಲವೇ ದಿನಗಳಲ್ಲಿ ಸುರಕ್ಷಿತವಾಗಿ ದಾಟಿಸುತ್ತಾರೆ. ಹೆರಾಯಿನ್‌ನಂಥ ಅಫೀಮಿನ ಜಾತಿಯ ಮಾದಕ ವಸ್ತುವಿನಲ್ಲಿ ಅಪಾಯ ಬೇರೆ ಕಡೆ ಇದೆ. ಕೆಲವು ವಾರ ಬಿಟ್ಟವನ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಅಲ್ಲಿಂದ ಮುಂದೆ ಪ್ರಸಂಗದ ಮಾತು ಬದಲಾಯಿತು. “ಬಿಡಬೇಕು ಅನ್ನಿಸಿದರೆ ನಮಗೆ ಹೇಳಿ, ಮೊದಲು ಡಾಕ್ಟರ ಹತ್ತಿರ ಹೋಗೋಣ, ಆಮೇಲೆ ಮೀಟಿಂಗು” ಅಂತ ಪಾಸ್ಟರ್ ಹೇಳತೊಡಗಿದರು. ವ್ಯಸನ ಚಿಕಿತ್ಸೆ ಕೊಡುವ ಆಸ್ಪತ್ರೆಯ ನಂಬರನ್ನು ಕೋಣೆಯ ಗೋಡೆಗೆ ಅಂಟಿಸಿದೆವು.

ಮೊದಲ ತಿಂಗಳುಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಮೂರು ಜನ, ನಾಲ್ಕು ಜನ, ಒಂದು ವಾರ ಹಿರಿಯರು ಒಬ್ಬರೇ. ಒಬ್ಬರೇ ಇದ್ದಾಗಲೂ ಅವರು ಪೂರ್ತಿ ಸಮಯ ಕೂತೇ ಇದ್ದರು. ಸಮಿತಿಯಲ್ಲಿ ಕೆಲವರು ನಿಲ್ಲಿಸಿಬಿಡೋಣ ಅಂದರು. ವಾರ ತಪ್ಪದೆ ನಡೆದದ್ದರಿಂದಲೇ ಆಮೇಲೆ ಜನ ಬಂದರು ಅನ್ನುವುದು ನನ್ನ ಅನಿಸಿಕೆ.

ಸಾಕ್ಷಿ ಹೇಳಿದ ಹುಡುಗ

ಪ್ರಕರಣದ ಗಂಟು ಇರುವುದು ಇಲ್ಲಿ. ನಮ್ಮದೇ ಸಭೆಯ ಒಬ್ಬ ಯುವಕ ಮೀಟಿಂಗಿಗೆ ಬರತೊಡಗಿದ. ಎರಡೂವರೆ ತಿಂಗಳು ಕುಡಿಯಲಿಲ್ಲ. ಮುಖದಲ್ಲಿ ಕಳೆ ಬಂತು, ಕೆಲಸಕ್ಕೆ ಸರಿಯಾಗಿ ಹೋದ. ತಾಯಿ ಸಂತೋಷ ತಡೆಯಲಾರದೆ ಪಾಸ್ಟರಿಗೆ ಹೇಳಿದರು. ಪಾಸ್ಟರೂ ಸಂತೋಷದಲ್ಲೇ ಅವನನ್ನು ಕರೆದು, ಭಾನುವಾರ ಸಭೆಯ ಮುಂದೆ ನಿನ್ನ ಅನುಭವದ ಸಾಕ್ಷಿ ಹೇಳು, ನಿನ್ನಿಂದ ಹತ್ತು ಜನಕ್ಕೆ ಧೈರ್ಯ ಬರುತ್ತದೆ ಅಂದರು. ಹಿರಿಯರು ಬೇಡ ಅಂತ ಮೆಲ್ಲಗೆ ಹೇಳಿದ್ದರು. ಇಷ್ಟು ಬೇಗ ಬೇಡ ಅಂತ. ಆದರೆ ಪಾಸ್ಟರ್ ಕೇಳಿದಾಗ ಇಲ್ಲ ಅನ್ನುವುದು ಆ ಹುಡುಗನಿಗೆ ಹೇಗೆ ಸಾಧ್ಯ, ಅಲ್ವಾ?

ಅವನು ಹೇಳಿದ. ಜನ ಚಪ್ಪಾಳೆ ತಟ್ಟಿದರು. ಎಷ್ಟೋ ಜನ ಅತ್ತರು. ಆ ದಿನದಿಂದ ಅವನು ಎಲ್ಲರ ಮಾತಾದ. ಸಿಕ್ಕವರೆಲ್ಲ ‘ಹೇಗಿದ್ದೀಯಪ್ಪ, ಬಿಟ್ಟೇಬಿಟ್ಟೆ ತಾನೆ’ ಅಂತ ಕೇಳುವವರೇ. ಕುಡಿಯಬೇಕು ಅನ್ನುವ ಸೆಳೆತ ಬಂದ ದಿನ ಅದನ್ನು ಹೇಳಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಗೆದ್ದವನು ಅಂತ ಎಲ್ಲರೂ ಒಪ್ಪಿಕೊಂಡಾಗಿದೆ, ಇನ್ನು ಸೋಲುತ್ತಿದ್ದೇನೆ ಅನ್ನುವುದು ಹೇಗೆ? ಎರಡು ವಾರದಲ್ಲಿ ಮತ್ತೆ ಕುಡಿದ.

ಮತ್ತೆ ಕುಡಿಯುವುದು ಈ ದಾರಿಯಲ್ಲಿ ಅಪರೂಪವೇನಲ್ಲ. ಮೀಟಿಂಗಿಗೆ ವಾಪಸ್ ಬಂದು ‘ಕುಡಿದೆ’ ಅಂದರೆ ಅಲ್ಲಿ ಯಾರೂ ಬೆರಳು ತೋರಿಸುವುದಿಲ್ಲ, ಬಂದೆಯಲ್ಲ ಅಂತ ಕೂರಿಸಿಕೊಳ್ಳುತ್ತಾರೆ. ಆದರೆ ಇವನು ಬರಲಿಲ್ಲ. ಮೀಟಿಂಗ್ ಇದ್ದದ್ದು ಅದೇ ಚರ್ಚಿನ ಆವರಣದಲ್ಲಿ. ಚರ್ಚಿನಲ್ಲಿ ಮುಖ ತೋರಿಸಲಾಗದವನಿಗೆ ಪಕ್ಕದ ಬಾಗಿಲೂ ಮುಚ್ಚಿದ ಹಾಗಾಯಿತು. ಅವನ ಹತ್ತಿರ ಎರಡು ಆಸರೆ ಇದ್ದವು. ನಾವು ಎರಡನ್ನೂ ಒಂದೇ ಹಗ್ಗದಿಂದ ಕಟ್ಟಿದ್ದೆವು, ಒಂದು ಬಿದ್ದಾಗ ಇನ್ನೊಂದೂ ಬಿತ್ತು.

ಇನ್ನೂ ಒಂದು ಸಂಗತಿ ಆಮೇಲೆ ಹೊರಬಂತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ‘ಪ್ರಾರ್ಥನಾ ವಿಷಯ’ ಅಂತ ಅವನ ಹೆಸರು ಬಂದಿತ್ತು. “ನಮ್ಮ ಸಹೋದರ ಮತ್ತೆ ಬಿದ್ದಿದ್ದಾನೆ, ಪ್ರಾರ್ಥಿಸಿ” ಅಂತ. ಬರೆದವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಆದರೆ ಅದನ್ನು ಓದಿದವರಲ್ಲಿ ಅವನ ಜೊತೆ ಕೆಲಸ ಮಾಡುವವರೂ ಇದ್ದರು. ಚರ್ಚುಗಳಲ್ಲಿ ಗುಟ್ಟು ಹೊರಬೀಳುವ ದೊಡ್ಡ ದಾರಿ ಇದೇ ಅಂತ ನನಗೆ ಈಗ ಖಾತ್ರಿಯಾಗಿದೆ. ಚಾಡಿ ಅಂತ ಅನಿಸಿದ್ದರೆ ಯಾರಾದರೂ ತಡೆಯುತ್ತಿದ್ದರು. ಪ್ರಾರ್ಥನೆ ಅಂದಾಗ ಯಾರೂ ತಡೆಯಲಿಲ್ಲ.

ಅವನನ್ನು ಬಿಡಲಿಲ್ಲ ಹಿರಿಯರು. ಆಗಾಗ ಫೋನ್ ಮಾಡುತ್ತಿದ್ದರು, ಚರ್ಚಿನ ಮಾತು ಎತ್ತುತ್ತಿರಲಿಲ್ಲ. ಬೇರೊಂದು ಜಾಗದಲ್ಲಿ ನಡೆಯುವ ಮೀಟಿಂಗಿಗೆ ಜೊತೆಗೆ ಕರೆದುಕೊಂಡು ಹೋದರು. ಅವನು ಅಲ್ಲೇ ಮುಂದುವರಿದ. ಈಗ ಕುಡಿಯುವುದಿಲ್ಲ. ನಮ್ಮ ಭಾನುವಾರದ ಆರಾಧನೆಗೆ ಇವತ್ತಿಗೂ ಬರುವುದಿಲ್ಲ.

ನಡುವೆ ಒಂದು ಗೋಡೆ

ಇದಾದ ಮೇಲೆ ಸಮಿತಿ, ಗುಂಪು ಎರಡೂ ಕೂತು ಬರಹದಲ್ಲಿ ಒಪ್ಪಂದ ಮಾಡಿಕೊಂಡವು. ಪಾಸ್ಟರ್ ಮೀಟಿಂಗಿಗೆ ಹೋಗುವುದಿಲ್ಲ. ಹೊರಗಿನವರಿಗೂ ತೆರೆದ ಓಪನ್ ಮೀಟಿಂಗ್ ಇದ್ದಾಗ ಕರೆದರೆ ಮಾತ್ರ ಹೋಗುತ್ತಾರೆ. ಯಾರು ಬರುತ್ತಾರೆ ಅಂತ ಕೇಳುವುದಿಲ್ಲ, ಗೊತ್ತಾದರೂ ಗೊತ್ತಿಲ್ಲದ ಹಾಗೆ ಇರುತ್ತಾರೆ. ಗುಂಪಿನವರನ್ನು ಸಾಕ್ಷಿಗೆ ಯಾರೂ ಕರೆಯುವಂತಿಲ್ಲ. ಒಬ್ಬರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಪ್ರಾರ್ಥನಾ ವಿಷಯದಲ್ಲಿ ಹಾಕುವಂತಿಲ್ಲ, ಮನೆಯವರು ಕೇಳಿದರೂ ಸರಿಯೇ. ಪ್ರಕಟಣೆಯಲ್ಲಿ ದಿನ, ಸಮಯ, ಬಾಗಿಲು, ಫೋನ್ ನಂಬರ್ ಇಷ್ಟೇ ಬರುತ್ತದೆ.

ಪಾಸ್ಟರಿಗೆ ಇದು ಸುಲಭವಾಗಿರಲಿಲ್ಲ. ತನ್ನ ಮಂದೆಯವರ ನೋವು ತನಗೇ ಗೊತ್ತಾಗಬಾರದು ಅಂದರೆ ಕುರುಬನಿಗೆ ಹೇಗಾಗಬೇಡ? ಆದರೂ ಅವರು ಮಾತು ಉಳಿಸಿಕೊಂಡರು. ಈ ಪ್ರಕರಣದಲ್ಲಿ ನನಗೆ ತುಂಬ ಗೌರವ ಹುಟ್ಟಿಸಿದ ಸಂಗತಿ ಅದು.

ಗುಟ್ಟಿಗೂ ಒಂದು ಎಲ್ಲೆ ಬೇಕು. ಮಗುವಿಗೆ ಹಿಂಸೆಯಾಗುತ್ತಿದೆ ಅಂತ ತಿಳಿದರೆ, ಒಬ್ಬರು ಜೀವ ಕಳೆದುಕೊಳ್ಳುವ ಮಾತಾಡಿದರೆ ಸುಮ್ನೆ ಇರುವುದಿಲ್ಲ ಅಂತ ಶುರುವಿನಲ್ಲೇ ಓದಿ ಹೇಳುತ್ತಾರೆ. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಸ್ಪಾನ್ಸರ್, ಅಂದರೆ ಜೊತೆಗಿದ್ದು ದಾರಿ ತೋರಿಸುವ ಹಳೆಯ ಸದಸ್ಯರು, ಆಗಬೇಕು ಅನ್ನುವುದೂ ಸೇರಿತು. ಆಸರೆ ಹುಡುಕಿ ಬಂದವರ ದುರ್ಬಲ ಗಳಿಗೆಯನ್ನು ಬಳಸಿಕೊಳ್ಳುವವರು ಎಲ್ಲ ಕಡೆ ಇರುತ್ತಾರೆ.

ಔಷಧಿಯ ವಿಷಯವನ್ನೂ ಬರೆಯಬೇಕಾಯಿತು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ಗುಂಪಿನ ಇನ್ನೊಬ್ಬರು ‘ಅದೂ ಒಂದು ಚಟವೇ, ಬಿಸಾಕಿ’ ಅಂದಿದ್ದರು. ಸದಸ್ಯರು ಡಾಕ್ಟರಿಕೆ ಮಾಡಬಾರದು ಅಂತ ಎಎಯೇ ತನ್ನ ಕೈಪಿಡಿಯಲ್ಲಿ ಹೇಳುತ್ತದೆ. ಕುಡಿತದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಫೀಮಿನ ಜಾತಿಯ ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್, ಮೆಥಡೋನ್ ಇವೆಲ್ಲ ಚಿಕಿತ್ಸೆಗಳು. ಅವನ್ನು ತೆಗೆದುಕೊಳ್ಳುವವರಿಗೆ ನಿಮ್ಮದು ನಿಜವಾದ ಚೇತರಿಕೆಯಲ್ಲ ಅನ್ನುವ ಹಕ್ಕು ಯಾರಿಗೂ ಇಲ್ಲ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಬಟ್ಟಲಿನ ಪ್ರಶ್ನೆ ತಾನಾಗಿ ಎದ್ದಿತು. ಕುಡಿತ ಬಿಟ್ಟವರು ದ್ರಾಕ್ಷಾರಸದ ದಿನ ಆರಾಧನೆ ತಪ್ಪಿಸುತ್ತಿದ್ದರು. ಪಾಸ್ಟರ್ ಎಲ್ಲರಿಗೂ ಹುಳಿ ಬರದ ದ್ರಾಕ್ಷಿ ರಸವನ್ನೇ ಕೊಡುವುದು ಅಂತ ಮಾಡಿದರು. ಯಾರಿಗೂ ಬೇರೆ ಲೋಟ ಕೊಡಬೇಕಾಗಲಿಲ್ಲ, ಯಾರ ಗುರುತೂ ಸಿಗಲಿಲ್ಲ. ಇದು ಹೊಸದೇನಲ್ಲ. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಕಾಯಿಸಿ ಹುಳಿ ಬರದಂತೆ ಇಟ್ಟದ್ದು ಚರ್ಚಿನ ಭೋಜನಕ್ಕಾಗಿಯೇ.

ತೀರಿಕೊಂಡವರ ಹೆಂಡತಿಯ ಪ್ರಶ್ನೆಯಿಂದ ಇಷ್ಟೆಲ್ಲ ಆದರೂ ಅವರಿಗೆಂದು ನಾವು ಏನೂ ಮಾಡಿರಲಿಲ್ಲ. ಆ ಯುವಕನ ತಾಯಿಯೂ ಒಂಟಿಯಾಗಿದ್ದರು. ಇಬ್ಬರೂ ಸೇರಿ ಕುಟುಂಬದವರ ಗುಂಪು ಶುರುಮಾಡಿದರು. 1951ರಲ್ಲಿ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಮತ್ತೊಬ್ಬರ ಜೊತೆ ಕಟ್ಟಿದ ಅಲ್-ಅನಾನ್ ಮಾದರಿಯದು. ಈ ಕುಡಿತಕ್ಕೆ ಕಾರಣ ನಾನಲ್ಲ, ಅದನ್ನು ಹಿಡಿತಕ್ಕೆ ತರಲು ನನ್ನಿಂದಾಗದು, ವಾಸಿ ಮಾಡಲೂ ಆಗದು ಅನ್ನುವ ಮೂರು ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಈಗ ಎರಡು ಗುಂಪಿನಲ್ಲಿ ಇದಕ್ಕೇ ಜನ ಜಾಸ್ತಿ.

ವರ್ಷದ ವರದಿಗೆ ‘ಎಷ್ಟು ಜನ ಬಿಟ್ಟರು’ ಅಂತ ಒಂದು ಅಂಕಿ ಕೊಡಿ ಅಂತ ಸಮಿತಿ ಕೇಳಿತು. ಹಿರಿಯರು ಕೊಡಲಿಲ್ಲ. ಹೆಸರು ಬರೆದುಕೊಳ್ಳದ ಗುಂಪಿನಲ್ಲಿ ಲೆಕ್ಕ ಎಲ್ಲಿಂದ ಬರಬೇಕು? ಇಂಥ ಗುಂಪುಗಳಿಂದ ನಿಜಕ್ಕೂ ಉಪಯೋಗವಿದೆಯಾ ಅನ್ನುವವರಿಗೆ ನಾನು 2020ರ ಕಾಕ್ರನ್ ವಿಮರ್ಶೆ ತೋರಿಸಿದೆ, ಅದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ ವೈದ್ಯಕೀಯ ವರದಿ. 27 ಅಧ್ಯಯನಗಳು, 10,565 ಜನ. ಎಎಗೆ ಸೇರುವಂತೆ ಕ್ರಮಬದ್ಧವಾಗಿ ನೆರವು ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಕುಡಿಯದೆ ಉಳಿದವರು ಸುಮಾರು ನೂರಕ್ಕೆ 42, ಬೇರೆ ಚಿಕಿತ್ಸೆ ಪಡೆದವರಲ್ಲಿ 35. ವ್ಯತ್ಯಾಸ ಇದೆ. ಹಾಗೆಯೇ, ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷದಲ್ಲಿ ಮತ್ತೆ ಕುಡಿದಿದ್ದಾರೆ ಅನ್ನುವುದೂ ಅದರಲ್ಲೇ ಇದೆ. ವರದಿಯಲ್ಲಿ ಕೊನೆಗೆ ನಾನು ಬರೆದದ್ದು, ವರ್ಷದ ಪ್ರತಿ ವಾರ ಮೀಟಿಂಗ್ ನಡೆಯಿತು, ಬಾಡಿಗೆ ಪೂರ್ತಿ ಸಂದಾಯವಾಯಿತು ಅಂತ.

ಈಗ ಎರಡು ಕೆಲಸ ಬಾಕಿ ಇವೆ. ಮಾದಕ ವಸ್ತುಗಳ ವ್ಯಸನ ಇರುವವರು ತಮಗೂ ಒಂದು ಸಂಜೆ ಬೇಕು ಅಂತ ಕೇಳಿದ್ದಾರೆ. ಅವರಿಗೆ 1953ರಿಂದಲೇ ನಾರ್ಕಾಟಿಕ್ಸ್ ಅನಾನಿಮಸ್ ಅಂತ ಬೇರೆ ಒಕ್ಕೂಟ ಇದೆ, ಕೋಣೆ ಮಾತ್ರ ಬೇಕು. ಇನ್ನೊಂದು, ಹಿರಿಯರು ಕಾರ್ಯದರ್ಶಿ ಸ್ಥಾನ ಬಿಡುತ್ತಿದ್ದಾರೆ. ಒಬ್ಬರೇ ಜಾಸ್ತಿ ದಿನ ಇರಬಾರದು ಅನ್ನುವುದು ಗುಂಪಿನ ಪದ್ಧತಿ. ಮುಂದಿನ ತಿಂಗಳಿಂದ ಆ ಜಾಗಕ್ಕೆ ಬರುವವರು ನಮ್ಮ ಸಭೆಯವರಲ್ಲ. ಅವರ ಕೈಗೆ ಬೀಗದ ಕೈ ಕೊಡಬಹುದಾ ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಕೊಡಬೇಕು ಅಂದವರು ಖಜಾಂಚಿ.